ಗೋಡೆಯಿಲ್ಲದ ಕಾರ್ಖಾನೆ

ಕಾರ್ಖಾನೆ ಎಂದ ಕೂಡಲೆ ಪಟ್ಟಣವಾಸಿಗಳ ಕಣ್ಣಿಗೆ ಕಟ್ಟುವ ಚಿತ್ರ ಒಂದೇ: ಎತ್ತರವಾದ ಕಾಂಪೌಂಡು ಗೋಡೆ, ಕಬ್ಬಿಣದ ಗೇಟು, ಗೇಟಿನ ಬಳಿ ದಪ್ಪ ಮೀಸೆಯ ಕಾವಲುಗಾರ, ಹೊತ್ತಿಗೆ ಸರಿಯಾಗಿ ಕೂಗುವ ಸೈರನ್ನು. ಗೋಡೆಯ ಒಳಗಿರುವುದು ಉದ್ಯಮ, ಹೊರಗಿರುವುದು ಊರು ಎಂಬ ಭಾವನೆ ಜನರ ಮನಸ್ಸಿನಲ್ಲಿ ಬಲವಾಗಿ ಬೇರೂರಿದೆ. ಆದುದರಿಂದಲೇ, ಗೋಡೆಯೇ ಇಲ್ಲದ ಕಾರ್ಖಾನೆಯೊಂದು ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಕಣ್ಣೆದುರಿಗೇ ನಡೆಯುತ್ತಿದ್ದರೂ ಅದನ್ನು ಕಾರ್ಖಾನೆಯೆಂದು ಗುರುತಿಸುವವರು ವಿರಳ. ಅದರ ಒಂದು ವಿಭಾಗ ಮಾಗಡಿಯ ಹಳ್ಳಿಗಳಲ್ಲಿದ್ದರೆ ಇನ್ನೊಂದು ಶಿಡ್ಲಘಟ್ಟದ ಓಣಿಗಳಲ್ಲಿದೆ. ಕಣಜ ರಾಮನಗರದಲ್ಲಿದ್ದರೆ ಮಗ್ಗ ದೊಡ್ಡಬಳ್ಳಾಪುರದಲ್ಲೋ ಮೊಳಕಾಲ್ಮೂರಿನಲ್ಲೋ ದೂರದ ಕಾಂಚೀಪುರದಲ್ಲೋ ಇದೆ. ಅದಕ್ಕೆ ಮ್ಯಾನೇಜರನಿಲ್ಲ, ಹಾಜರಿ ಪುಸ್ತಕವಿಲ್ಲ. ಆದರೂ ಅಲ್ಲಿ ತಯಾರಾದ ಸರಕು ಕನ್ನಡನಾಡಿನ ಮದುವೆಗಳಲ್ಲಿ ಮೊದಲ ಸಾಲಿನಲ್ಲಿಯೇ ಕುಳಿತಿರುತ್ತದೆ. ಅದು ರೇಷ್ಮೆಯ ಕಾರ್ಖಾನೆ.

ರೇಷ್ಮೆಯ ಎಳೆಯೊಂದು ಸೀರೆಯಾಗುವುದಕ್ಕೆ ಮುನ್ನ ಎಷ್ಟು ಕೈಗಳನ್ನು ದಾಟುತ್ತದೆಂಬುದನ್ನು ಎಣಿಸಿ ನೋಡಬೇಕು. ಬಿತ್ತನೆಯ ಗೂಡನ್ನು ಬೆಳೆಯುವವನು ಒಬ್ಬ. ಆ ಗೂಡಿನ ಚಿಟ್ಟೆಗಳಿಂದ ಮೊಟ್ಟೆ ಇಡಿಸುವವನು ಇನ್ನೊಬ್ಬ. ಮೊಟ್ಟೆಯೊಡೆದು ಬಂದ ಎಳೆಯ ಹುಳುಗಳನ್ನು ಮೊದಲ ವಾರ ಸಾಕಿಕೊಡುವ ಚಾಕಿ ಕೇಂದ್ರದವನು ಮತ್ತೊಬ್ಬ. ಆ ಬಳಿಕ ಹುಳು ಮೇಯಿಸಿ ಗೂಡು ಕಟ್ಟಿಸುವ ರೈತ. ಅವನಿಂದ ಮುಂದಕ್ಕೆ ನೂಲು ಬಿಚ್ಚುವವನು, ಹುರಿ ಮಾಡುವವನು, ಬಣ್ಣ ಹಾಕುವವನು, ಹಾಸು ಸಿದ್ಧಪಡಿಸುವವನು, ನೇಯುವವನು, ಕೊನೆಗೆ ಮಾರುವವನು. ಹೀಗೆ ಲೆಕ್ಕ ಹಾಕಿದರೆ ಹತ್ತು ಮನೆಗಳಾದುವು. ಇವರಲ್ಲಿ ಬಹುಮಂದಿ ಎಕರೆಯೋ ಎರಡೆಕರೆಯೋ ತೋಟ, ನಾಲ್ಕಾರು ಒಲೆ, ಒಂದೆರಡು ಮಗ್ಗ ಉಳ್ಳ ಸಣ್ಣವರು. ಹತ್ತು ಕೆಲಸವನ್ನೂ ತಾನೇ ಮಾಡುವೆನೆಂದು ಹೊರಟರೆ ಇವರಲ್ಲಿ ಒಬ್ಬನಿಗೂ ಬಂಡವಾಳ ಸಾಲದು, ಆಯುಷ್ಯವೂ ಸಾಲದು. ಪಕ್ಕದ ಕೆಲಸಕ್ಕೆ ಪಕ್ಕದವನಿದ್ದಾನೆ ಎಂಬ ಧೈರ್ಯವೇ ಇವರ ಮೂಲಧನ.

ಈ ಧೈರ್ಯ ಎಲ್ಲಿಂದ ಬರುತ್ತದೆ? ಮೊಟ್ಟೆಯಿಂದಲೇ ಆರಂಭಿಸಬಹುದು. ರೇಷ್ಮೆಯ ಮೊಟ್ಟೆ ಗಸಗಸೆಯಂತೆ ಸಣ್ಣದು. ಒಂದು ಚಿಟ್ಟೆ ನಾನೂರು ಐನೂರು ಮೊಟ್ಟೆಗಳನ್ನಿಡುತ್ತದೆ. ತಾಯಿಚಿಟ್ಟೆಗೆ ಗಂಟುರೋಗವಿದ್ದರೆ ಅದು ಮೊಟ್ಟೆಗೂ ಅಂಟುತ್ತದೆ. ತೊಟ್ಟಿಯ ಹುಳುಗಳೆಲ್ಲ ಸಾಯುವವರೆಗೆ ರೈತನ ಬರಿಗಣ್ಣಿಗೆ ಅದು ಕಾಣುವುದಿಲ್ಲ. 19ನೆಯ ಶತಮಾನದ ನಡುವಿನಲ್ಲಿ ಈ ರೋಗ ಫ್ರಾನ್ಸಿನ ರೇಷ್ಮೆಯನ್ನು ನೆಲಕಚ್ಚಿಸಿತು. 1865ರಲ್ಲಿ ಲೂಯಿ ಪಾಶ್ಚರ್ ಮಹಾಶಯನು ಇದರ ಶೋಧನೆಗೆ ತೊಡಗಿ, ಮೊಟ್ಟೆಯಿಟ್ಟ ತಾಯಿಯನ್ನೇ ಅರೆದು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿ ರೋಗವಿದ್ದರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡುವ ಉಪಾಯವನ್ನು ಕಂಡುಹಿಡಿದನು. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಅದೇ ಪರೀಕ್ಷೆ. ಸೂಕ್ಷ್ಮದರ್ಶಕವನ್ನು ಕೊಳ್ಳಲಾರದ ರೈತನು, ಅದನ್ನು ನೋಡಬಲ್ಲವನ ಮಾತನ್ನು ನಂಬಿ ಮೊಟ್ಟೆ ತರುತ್ತಾನೆ. ಇದು ಮೊದಲನೆಯ ಗಂಟು.

ಹುಳು ಮನೆಗೆ ಬಂದ ಮೇಲೆ ಮನೆಯವರ ಜಾಡೇ ಬದಲಾಗುತ್ತದೆ. ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಅದು ಹುಟ್ಟಿದಾಗಿನ ತೂಕದ ಹತ್ತು ಸಾವಿರದಷ್ಟಾಗುತ್ತದೆ. ಈ ಅವಧಿಯಲ್ಲಿ ನಾಲ್ಕು ಸಲ ಪೊರೆ ಕಳಚುತ್ತದೆ. ಆಗ ತಲೆಯೆತ್ತಿ ಅಲುಗಾಡದೆ ಕೂರುವುದನ್ನು ರೈತರು ‘ಜ್ವರ’ ಎನ್ನುತ್ತಾರೆ. ‘ಎರಡನೆ ಜ್ವರ ಎದ್ದಿತು’, ‘ನಾಲ್ಕನೆ ಜ್ವರಕ್ಕೆ ಕುಂತವೆ’ ಎಂದು ಮನೆಯ ಹೆಂಗಸರು ಮಾತನಾಡಿಕೊಳ್ಳುವುದನ್ನು ಕೇಳಿದ ಪಟ್ಟಣದ ನೆಂಟರು ಗಾಬರಿಯಾಗಿ, ಡಾಕ್ಟರನ್ನು ಕರೆಸಿದಿರಾ ಎಂದು ವಿಚಾರಿಸುವುದುಂಟು. ನಾಲ್ಕನೆಯ ಜ್ವರ ಎದ್ದ ಮೇಲಂತೂ ಹುಳುವಿನ ಹಸಿವಿಗೆ ಮಿತಿಯಿಲ್ಲ. ನೂರು ಚಿಟ್ಟೆಗಳ ಮೊಟ್ಟೆಯ ಬೆಳೆಗೆ ಹೆಚ್ಚು ಕಡಮೆ ಒಂದು ಟನ್ ಹಿಪ್ಪುನೇರಳೆ ಸೊಪ್ಪು ಬೇಕು. ಅದರಲ್ಲಿ ಮುಕ್ಕಾಲಿಗೂ ಮೀರಿ ಈ ಕೊನೆಯ ವಾರದಲ್ಲಿಯೇ ಮುಗಿಯುತ್ತದೆ. ಹುಳುಮನೆಯಲ್ಲಿ ನಿಂತರೆ ಸೊಪ್ಪು ಮೇಯುವ ಸದ್ದು ಸೋನೆಮಳೆಯಂತೆ ಕೇಳುತ್ತದೆ. ಆ ವಾರ ಸೊಪ್ಪು ಕೊಯ್ಯುವುದಕ್ಕೆ ನೆರೆಮನೆಯ ಕೂಲಿಯಾಳು ಬೇಕು. ಹಣ್ಣಾದ ಹುಳುವನ್ನು ಆರಿಸಿ ಬಿಡುವುದಕ್ಕೆ ಹತ್ತಾರು ಕೈ ಬೇಕು. ಬಿಡುವುದಕ್ಕೆ ಚಂದ್ರಿಕೆ ಬೇಕು. ಬಿದಿರಿನ ಚಂದ್ರಿಕೆಯನ್ನು ಹೆಣೆದುಕೊಟ್ಟವರು ಮೇದರು. ಸ್ವಂತ ಚಂದ್ರಿಕೆಯಿಲ್ಲದವನು ದಿನಬಾಡಿಗೆಗೆ ತಂದು ಕೆಲಸ ಸಾಗಿಸಬಲ್ಲ. ಈಚೆಗೆ ಪ್ಲಾಸ್ಟಿಕ್ಕಿನ ಚಂದ್ರಿಕೆಗಳು ಬಂದು ಮೇದರ ಪಾಲು ಕುಗ್ಗಿದೆಯೆಂಬುದನ್ನೂ ಇಲ್ಲಿ ಹೇಳಬೇಕಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಗೂಡು ಕೈಗೆ ಬರುತ್ತದೆ. ಆಗ ಕೈಯಲ್ಲಿರುವ ಕಾಲ ಬಹು ಸ್ವಲ್ಪ. ಭತ್ತವನ್ನೋ ರಾಗಿಯನ್ನೋ ಬೆಳೆದವನು ಬೆಲೆ ಸರಿಯಿಲ್ಲವೆಂದು ಕಣಜದಲ್ಲಿ ತುಂಬಿಟ್ಟು ಕಾಯಬಹುದು. ಗೂಡು ಹಾಗಲ್ಲ, ಅದರೊಳಗೊಂದು ಜೀವವಿದೆ. ಹುಳು ನೂಲು ಸುತ್ತತೊಡಗಿದ ಐದಾರು ದಿನಗಳ ಮೇಲೆ ಗೂಡನ್ನು ಬಿಡಿಸುತ್ತಾರೆ. ಅಲ್ಲಿಂದ ಮತ್ತೈದಾರು ದಿನ ಕಳೆದರೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತುಮಾಡಿಕೊಂಡು ಹೊರಬೀಳುತ್ತದೆ. ತೂತಾದ ಗೂಡಿನಿಂದ ಅಖಂಡವಾದ ಎಳೆ ಬರುವುದಿಲ್ಲ. ಎಂದರೆ, ತಿಂಗಳ ದುಡಿಮೆಯನ್ನು ಮಾರುವುದಕ್ಕೆ ರೈತನಿಗೆ ಉಳಿಯುವುದು ಕೆಲವೇ ದಿನ. ಇಂಥ ಮಾರಾಟಗಾರನ ಅವಸರವನ್ನು ಅರಿತ ಕೊಳ್ಳುವವನು ಎಷ್ಟು ಬೆಲೆ ಹೇಳಿಯಾನು? ಸಣ್ಣ ಉತ್ಪಾದಕನ ಬಾಳಿನ ಕಷ್ಟವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಹಿಂದೆ ವ್ಯಾಪಾರ ರೈತನ ಜಗಲಿಯ ಮೇಲೆಯೇ ನಡೆಯುತ್ತಿತ್ತು. ಕೊಳ್ಳುವವನು ಒಬ್ಬನೇ, ತಕ್ಕಡಿಯೂ ಅವನದೇ. ಬಿತ್ತನೆಗೆಂದು ಮುಂಗಡ ಕೊಟ್ಟವನು ಅವನೇ ಆಗಿದ್ದರೆ ಬೆಲೆಯ ಮಾತನ್ನು ಎತ್ತುವುದಕ್ಕೇ ರೈತನಿಗೆ ಬಾಯಿ ಬರುತ್ತಿರಲಿಲ್ಲ. ಈ ಜಗಲಿಯ ವ್ಯಾಪಾರವನ್ನು ಬಯಲಿಗೆ ತಂದುದು 1959ರ ಕಾಯ್ದೆ. ಅದರ ಆಶ್ರಯದಲ್ಲಿ ಬೆಳೆದ ಸರ್ಕಾರಿ ಗೂಡಿನ ಮಾರುಕಟ್ಟೆಗಳಲ್ಲಿ ಪರವಾನಗಿ ಪಡೆದ ಕೊಳ್ಳುವವರು ಬಹಿರಂಗ ಹರಾಜಿನಲ್ಲಿ ಬೆಲೆ ಕೂಗಬೇಕು. ತೂಕ ಸರ್ಕಾರದ ತಕ್ಕಡಿಯಲ್ಲಿ ಆಗಬೇಕು. ರಾಮನಗರದ ಮಾರುಕಟ್ಟೆ ಏಷ್ಯಾ ಖಂಡದಲ್ಲಿಯೇ ದೊಡ್ಡದೆಂದು ಹೆಸರಾಯಿತು. ಕ್ಲೋಸ್‌ಪೇಟೆ ಎಂಬ ಹಳೆಯ ಹೆಸರಿನ ಆ ಊರನ್ನು ಬೆಂಗಳೂರು-ಮೈಸೂರು ರಸ್ತೆಯ ಪ್ರಯಾಣಿಕರು ಬಂಡೆಗಳಿಂದ ಗುರುತಿಸಿದರೆ, ರೈತರು ಗುರುತಿಸುವುದು ಗೂಡಿನಿಂದ.

ಬೆಳಗಿನ ಹೊತ್ತು ಅಲ್ಲಿನ ನೋಟವೇ ಬೇರೆ. ಹಳದಿಯ ಗೂಡು, ಬಿಳಿಯ ಗೂಡು ಜಾಲರಿಗಳಲ್ಲಿ ರಾಶಿಬಿದ್ದಿರುತ್ತವೆ. ನೂಲು ಬಿಚ್ಚುವವರಲ್ಲಿ ಬಹುಮಂದಿ ಮುಸಲ್ಮಾನರು. ಗೂಡು ತಂದವರು ಸುತ್ತಣ ಹಳ್ಳಿಗಳ ಒಕ್ಕಲು ಮಕ್ಕಳು. ಒಂದು ಹಿಡಿ ಗೂಡನ್ನು ಎತ್ತಿಕೊಂಡು, ಹೆಬ್ಬೆರಳಿನಿಂದ ಒತ್ತಿ, ಕಿವಿಯ ಬಳಿ ಅಲುಗಿಸಿ, ಕಲೆಯುಂಟೆ, ಜೋಡಿಗೂಡು ಉಂಟೆ ಎಂದು ನೋಡುವ ಕಣ್ಣುಗಳಿಗೆ ಯಾವ ಪ್ರಯೋಗಶಾಲೆಯೂ ಬೇಕಿಲ್ಲ.

“ಏನ್ ಗೌಡ್ರೇ, ಈ ಸಾರಿ ಗೂಡು ವಸಿ ಮೆತ್ತಗವೆ?”

“ಮೆತ್ತಗೆ ಎಲ್ಲವೆ ಸಾಬ್ರೇ? ಕಿವಿ ಹತ್ರ ಆಡ್ಸಿ ನೋಡಿ, ಗಿಲಕಿ ಇದ್ದಂಗವೆ!”

“ಗಿಲಕಿ ಮಕ್ಕಳಿಗೆ ಆಯ್ತು, ನಮಗೆ ನೂಲು ಬರ್ಬೇಕಲ್ಲ ಗೌಡ್ರೇ!”

ಇಬ್ಬರೂ ನಗುತ್ತಾರೆ, ಇಬ್ಬರಿಗೂ ಒಳಗೊಳಗೆ ಅಳುಕು. ಗೌಡರಿಗೆ ಚಿಟ್ಟೆಯ ಭಯ, ಸಾಬರಿಗೆ ಮಾರನೆಯ ದಿನ ಒಲೆ ಆರೀತೆಂಬ ಭಯ. ಇಂಥ ಮಾತುಕತೆ ತಲೆಮಾರುಗಳಿಂದ ನಡೆದು ಬಂದಿದೆ. ಒಬ್ಬರ ಹಬ್ಬಕ್ಕೆ ಇನ್ನೊಬ್ಬರ ಕೈಯಲ್ಲಿ ಹಣ ಬರಬೇಕಾದರೆ ನಡುವೆ ನಂಬಿಕೆ ಬೇಕು. ಈಗ ಹರಾಜು ಎಲೆಕ್ಟ್ರಾನಿಕ್ ಯಂತ್ರಕ್ಕೆ ಬಂದಿದೆ. ಕೂಗುವ ಬದಲು ಮೊಬೈಲಿನ ಗುಂಡಿಯೊತ್ತುತ್ತಾರೆ. ಹಣ ಬ್ಯಾಂಕಿನ ಖಾತೆಗೆ ಹೋಗುತ್ತದೆ. ಆದರೆ ಹಿಡಿ ಗೂಡನ್ನು ಎತ್ತಿ ನೋಡುವ ಕೈ ಹಾಗೆಯೇ ಇದೆ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ರೈತನು ಇನ್ನೊಂದು ಸುತ್ತಿಗೆ ಕಾಯಬಹುದು. ‘ಬೇಡ’ ಎನ್ನುವ ಈ ಒಂದು ಹಕ್ಕು ಜಗಲಿಯ ಮೇಲೆ ಇರಲಿಲ್ಲ. ಮಾರುಕಟ್ಟೆ ಎರಡನೆಯ ಗಂಟು. ಎಲ್ಲಕ್ಕಿಂತ ಬಲವಾದ ಗಂಟೂ ಅದೇ.

ನೂಲು ಬಿಚ್ಚುವವನು ಶ್ರೀಮಂತನೆಂದು ಭಾವಿಸುವವರುಂಟು. ಅವನ ಮನೆಯ ಹಿಂಭಾಗಕ್ಕೆ ಹೋಗಿ ನೋಡಿದವರು ಹಾಗೆ ಹೇಳಲಾರರು. ಕೊಂಡ ಗೂಡನ್ನು ಅವನು ಒಡನೆಯೇ ಆವಿಯಲ್ಲಿಟ್ಟೋ ಬಿಸಿಗಾಳಿಯಲ್ಲಿಟ್ಟೋ ಒಳಗಿನ ಕೋಶವನ್ನು ಕೊಲ್ಲಬೇಕು. ಕುದಿನೀರಿನಲ್ಲಿ ಬೇಯಿಸಿ ಎಳೆಯ ತುದಿಯನ್ನು ಹುಡುಕಬೇಕು. ಒಂದು ಗೂಡಿನಲ್ಲಿ ಆರುನೂರರಿಂದ ಸಾವಿರ ಮೀಟರಿನವರೆಗೆ ಒಂದೇ ಎಳೆ ಇರುತ್ತದೆ. ಆದರೆ ಅದು ಬರಿಗಣ್ಣಿಗೆ ಕಂಡೂ ಕಾಣದಷ್ಟು ತೆಳ್ಳಗಿರುವುದರಿಂದ ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ನೂಲಾಗಿಸಬೇಕು. ಒಂದು ಕಿಲೋಗ್ರಾಂ ನೂಲಿಗೆ ಆರೇಳು ಕಿಲೋಗ್ರಾಂ ಗೂಡು, ಎಂದರೆ ಸುಮಾರು ನಾಲ್ಕು ಸಾವಿರ ಗೂಡು ಹಿಡಿಯುತ್ತದೆ. ಚರಕದ ಮುಂದೆ ಕುಳಿತವರ ಬೆರಳು ದಿನವೆಲ್ಲ ಬಿಸಿನೀರಿನಲ್ಲಿ ನೆನೆದು ಬೆಳ್ಳಗೆ ಬಿರಿದಿರುತ್ತದೆ. ಹಬೆಗೂ ವಾಸನೆಗೂ ಕೊನೆಯಿಲ್ಲ. ಮಡಿಯುಟ್ಟು ಪೂಜೆಗೆ ಕೂರುವವರಿಗೆ ಈ ವಾಸನೆಯ ಪರಿಚಯವಿಲ್ಲದಿರುವುದು ರೇಷ್ಮೆಯ ಭಾಗ್ಯವೆಂದೇ ಹೇಳಬೇಕು.

ಗೋಡೆಯಿಲ್ಲದ ಕಾರ್ಖಾನೆಯನ್ನು ಹೊಗಳುವವರು ಅದರ ನೆರಳನ್ನು ಮರೆಯಬಾರದು. ಗೋಡೆಯಿಲ್ಲದೆಡೆಗೆ ಇನ್‌ಸ್ಪೆಕ್ಟರನ ಕಾಲೂ ಸುಲಭವಾಗಿ ಹೋಗುವುದಿಲ್ಲ. ಕಳೆದ ಶತಮಾನದ ಕೊನೆಯವರೆಗೂ ಚರಕ ತಿರುಗಿಸುವುದಕ್ಕೂ ಹುರಿಯಂತ್ರದ ಬಳಿ ನಿಲ್ಲುವುದಕ್ಕೂ ಮಕ್ಕಳನ್ನು ಹಚ್ಚುತ್ತಿದ್ದರು. ಮುಂಗಡದ ಸಾಲಕ್ಕೆ ಒತ್ತೆಯಾಗಿ ದುಡಿದ ಮಕ್ಕಳೂ ಅವರಲ್ಲಿದ್ದರು. 1986ರಲ್ಲಿ ಬಾಲಕಾರ್ಮಿಕರ ಕಾನೂನು ಬಂದ ಬಳಿಕವೂ ಈ ಕಳಂಕ ಒಂದೇ ದಿನದಲ್ಲಿ ಅಳಿಯಲಿಲ್ಲ. ಸಣ್ಣವರು ಸಣ್ಣವರಿಗೆ ಆಸರೆಯಾಗುವುದುಂಟು; ತಮಗಿಂತ ಸಣ್ಣವರ ಮೇಲೆ ಭಾರ ಹೊರಿಸುವುದೂ ಉಂಟು. ನೆರೆಹೊರೆಯ ಉದ್ಯಮವೆಂಬ ಮಾತ್ರಕ್ಕೆ ಅದು ಧರ್ಮದ ಉದ್ಯಮವಾಗಲಿಲ್ಲ. ಅದನ್ನು ಹಾಗೆ ಮಾಡಬೇಕಾದವರು ಅದರೊಳಗಿರುವ ಜನ ಮತ್ತು ಅವರ ಮೇಲಣ ಸರ್ಕಾರ.

ಈ ಕಾರ್ಖಾನೆಯಲ್ಲಿ ಕಸವೆಂಬುದು ಕಡಮೆ. ಹುಳು ತಿಂದು ಬಿಟ್ಟ ಕಡ್ಡಿಯೂ ಹಿಕ್ಕೆಯೂ ಗೊಬ್ಬರವಾಗಿ ತೋಟಕ್ಕೆ ಹಿಂದಿರುಗುತ್ತವೆ. ಬಿಚ್ಚಲಾಗದೆ ಉಳಿದ ನೂಲಿನ ಗೋಜನ್ನು ಕೊಂಡು ಹತ್ತಿಯಂತೆ ಎಕ್ಕಿ ನೂಲುವ ಗಿರಣಿಗಳಿವೆ. ಸತ್ತ ಕೋಶದಿಂದ ಎಣ್ಣೆ ತೆಗೆಯುತ್ತಾರೆ. ಮೀನಿಗೂ ಕೋಳಿಗೂ ಅದು ಮೇವಾಗುತ್ತದೆ. ಒಬ್ಬನ ಕಸ ಇನ್ನೊಬ್ಬನ ಕಸುಬು. ಆ ಇನ್ನೊಬ್ಬನು ಹತ್ತು ಮೈಲಿಯೊಳಗೆ ಇದ್ದುದರಿಂದಲೇ ಇದು ಸಾಧ್ಯ. ಗಾಡಿಯ ಬಾಡಿಗೆಯೇ ಬೆಲೆಯನ್ನು ನುಂಗುವಷ್ಟು ದೂರದಲ್ಲಿದ್ದರೆ ಕಸ ಕಸವಾಗಿಯೇ ಉಳಿಯುತ್ತಿತ್ತು.

ಒಂದೇ ಕಸುಬಿನವರು ಒಂದೆಡೆ ನೆಲೆಸುವುದರಿಂದಾಗುವ ಲಾಭವನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲನು 1890ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿಚಾರಮಾಡಿದ್ದಾನೆ. ಅವನ ಗ್ರಂಥವನ್ನು ಕಾಣದ ಶಿಡ್ಲಘಟ್ಟದ ಜನರು ಅದನ್ನು ಬದುಕಿ ತೋರಿಸಿದ್ದಾರೆ. ಅಲ್ಲಿ ಚರಕದ ಹಲ್ಲು ಮುರಿದರೆ ಸರಿಮಾಡುವವನು ಮುಂದಿನ ಬೀದಿಯಲ್ಲಿದ್ದಾನೆ. ಒಲೆಗೆ ಸೌದೆಯನ್ನೋ ಕಡಲೆಕಾಯಿ ಸಿಪ್ಪೆಯನ್ನೋ ತರುವವನಿಗೆ ಮನೆಗಳ ವಿಳಾಸ ಬಾಯಿಪಾಠ. ಬೇಯುವ ಗೂಡಿನ ಹದ ಯಾವುದೆಂದು ಅಲ್ಲಿಯ ಹುಡುಗಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಜ್ಜಿಯ ಪಕ್ಕದಲ್ಲಿ ಕುಳಿತೇ ಅದು ಬಂದಿರುತ್ತದೆ. ಇಂಥ ಜಾಣ್ಮೆಯನ್ನು ಕೊಂಡು ತಂದು ಬೇರೊಂದು ಊರಿನಲ್ಲಿ ನೆಡುವುದು ಯಂತ್ರ ಕೊಂಡು ತಂದಷ್ಟು ಸುಲಭವಲ್ಲ.

ಇನ್ನು ಹಣದ ಮಾತು. ರಾಗಿ ಬೆಳೆದವನು ವರ್ಷಕ್ಕೊಮ್ಮೆ ಹಣ ಕಂಡರೆ, ನೀರಾವರಿಯ ಹಿಪ್ಪುನೇರಳೆ ತೋಟವುಳ್ಳವನು ಐದು ಸಲ ಕಾಣುತ್ತಾನೆ. ಹಾಗೆ ಬಂದ ಹಣ ತಿಜೋರಿ ಸೇರುವುದಿಲ್ಲ. ಸೊಪ್ಪು ಕೊಯ್ದ ಹೆಂಗಸಿನ ಕೂಲಿಯಾಗಿ, ಕಿರಾಣಿ ಅಂಗಡಿಯ ಬಾಕಿಯಾಗಿ, ಮಗನ ಕಾಲೇಜಿನ ಫೀಜಾಗಿ ಊರಿನಲ್ಲಿಯೇ ಒಂದು ಸುತ್ತು ಸುತ್ತುತ್ತದೆ. ಬಟ್ಟೆಗೆ ಬರುವ ಹಣದಲ್ಲಿ ಶೇಕಡ 57ರಷ್ಟು ಗೂಡು ಬೆಳೆದವನಿಗೆ ಹಿಂದಿರುಗುತ್ತದೆಂದು ಕೇಂದ್ರ ರೇಷ್ಮೆ ಮಂಡಳಿ ಲೆಕ್ಕ ಹೇಳುತ್ತದೆ. ಕೊಂಡವಳ ಚೀಲದಿಂದ ಬೆಳೆದವನ ಮನೆಗೆ ಅರ್ಧಕ್ಕೂ ಹೆಚ್ಚು ಪಾಲು ತಲುಪುವ ಸರಕುಗಳು ಪೇಟೆಯಲ್ಲಿ ಎಷ್ಟಿವೆ? ದೇಶದ ಸಂಪತ್ತು ಬೆಳೆಯುವುದೆಂದರೆ ಹೊಗೆಯ ಕೊಳವೆಗಳು ಹೆಚ್ಚುವುದು ಮಾತ್ರವಲ್ಲ. ಹಣ ಹೆಚ್ಚು ಕೈಗಳನ್ನು ಮುಟ್ಟುವುದೂ ಅದೇ.

ಎಳೆ ಉದ್ದವಾದಷ್ಟೂ ಕಡಿಯುವ ಭಯ ಹೆಚ್ಚು. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ಬಂಗಾಳದಿಂದ ಬಿತ್ತನೆ ತರಿಸಿ ಮೈಸೂರು ಸೀಮೆಯಲ್ಲಿ ಹುಳು ಸಾಕಿಸಿದಂದಿನಿಂದ ಈ ಕಸುಬು ಹಲವು ಸಲ ಬಿದ್ದು ಎದ್ದಿದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ಸಿಕ್ಕದಂತಾಗಿ, ಪ್ಯಾರಾಚೂಟಿನ ಬಟ್ಟೆಗಾಗಿ ಮೈಸೂರಿನ ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಬಂದಿತು. ಯುದ್ಧ ನಿಂತಿತು, ಬೇಡಿಕೆಯೂ ಇಳಿಯಿತು. 1980ರಲ್ಲಿ ಬಂಗಾಳದ ಕಡೆಯಿಂದ ಬಂದ ಊಜಿ ನೊಣ ಕರ್ನಾಟಕದ ಹುಳುಮನೆಗಳನ್ನು ಹೊಕ್ಕು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆಗಳನ್ನು ಹಾಳುಮಾಡಿತು. ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ ಕಟ್ಟುವುದನ್ನೂ ನೊಣಕ್ಕೆ ಶತ್ರುವಾದ ಇನ್ನೊಂದು ಕೀಟವನ್ನು ಬಿಡುವುದನ್ನೂ ರೈತರು ವಿಜ್ಞಾನಿಗಳಿಂದ ಕಲಿತರು. 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದಾಗ ದೆಹಲಿಯ ಆ ಒಂದು ಸಾಲು ರಾಮನಗರದ ಜಾಲರಿಗೆ ಬಂದು ಮುಟ್ಟಿತು, ರೈತರು ಬೀದಿಗಿಳಿದರು. 2020ರಲ್ಲಿ ಕೋವಿಡ್ ಬಂದು ಮದುವೆಗಳು ನಿಂತುವು. ಸೀರೆಯಂಗಡಿ ಬಾಗಿಲು ಹಾಕಿತು, ಮಗ್ಗ ನಿಂತಿತು, ನೂಲು ಉಳಿಯಿತು, ಗೂಡಿನ ಬೆಲೆ ಕುಸಿಯಿತು. ಎಲ್ಲಿಯದೋ ಛತ್ರದಲ್ಲಿ ವಾಲಗ ಊದದಿದ್ದರೆ ಕನಕಪುರದ ಕಡೆಯ ಹಳ್ಳಿಯೊಂದರಲ್ಲಿ ಹಿಪ್ಪುನೇರಳೆ ಗಿಡ ಕೀಳುವವರುಂಟೆಂದರೆ, ಈ ಹತ್ತು ಮನೆಗಳ ನೆಂಟಸ್ತನ ಎಷ್ಟು ಹತ್ತಿರದ್ದೆಂಬುದು ತಿಳಿಯುತ್ತದೆ.

ಹಾಗಾದರೆ ಎಲ್ಲವನ್ನೂ ಒಂದೇ ಸೂರಿನಡಿ ತಂದು ದೊಡ್ಡ ಕಾರ್ಖಾನೆ ಕಟ್ಟಿಬಿಟ್ಟರೆ ಆಗದೆ? ಈ ಪ್ರಶ್ನೆಯನ್ನು ಕೇಳುವವರು ಮೈಸೂರಿನ ಕಡೆಗೆ ಬೆರಳು ಮಾಡುವುದುಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಸರ್ಲೆಂಡಿನಿಂದ ತರಿಸಿದ ಮಗ್ಗಗಳಿಂದ ಅಲ್ಲಿ ಆರಂಭವಾದ ನೇಯ್ಗೆಯ ಕಾರ್ಖಾನೆ ಇಂದಿಗೂ ಹೆಸರುವಾಸಿಯಾಗಿದೆ. ಆದರೆ ಆ ಕಾರ್ಖಾನೆಯೂ ಹುಳು ಮೇಯಿಸುವುದಿಲ್ಲ; ಅದಕ್ಕೂ ಗೂಡು ಬರಬೇಕಾದುದು ಒಕ್ಕಲಿನ ಮನೆಯಿಂದಲೇ. ನಡುರಾತ್ರಿಯಲ್ಲಿ ಎದ್ದು ಹುಳುವಿಗೆ ಸೊಪ್ಪು ಹಾಕುವ ಅಕ್ಕರೆಯನ್ನು ಯಾವ ಸೈರನ್ನೂ ಕೂಗಿ ಕರೆಯಲಾರದು. ದೊಡ್ಡದಕ್ಕೂ ಸಣ್ಣದಕ್ಕೂ ಹಗೆಯಿಲ್ಲ. ದೊಡ್ಡದು ನಿಂತಿರುವುದು ಸಣ್ಣವರ ಹೆಗಲ ಮೇಲೆ.

ಸಣ್ಣವನನ್ನು ದೊಡ್ಡವನನ್ನಾಗಿ ಮಾಡಬೇಕೆಂಬುದು ಒಳ್ಳೆಯ ಹಾರೈಕೆ. ಆದರೆ ಅವನು ಕೇಳುವುದು ಅದಕ್ಕಿಂತ ಕಡಮೆ. ರೋಗವಿಲ್ಲದ ಮೊಟ್ಟೆ, ಸುಳ್ಳು ಹೇಳದ ತಕ್ಕಡಿ, ಎಲ್ಲರೆದುರಿಗೆ ಕೂಗುವ ಬೆಲೆ. ನೂಲು ಮಾರಿ ಹಣ ಬರುವವರೆಗೆ ರೀಲರನಿಗೆ ಕೆಲವು ದಿನಗಳ ಕೈಸಾಲ. ಇವನ್ನು ಒಬ್ಬೊಬ್ಬನೇ ಸಂಪಾದಿಸಿಕೊಳ್ಳಲಾರ. ಹತ್ತು ಜನ ಸೇರಿ, ಸರ್ಕಾರವೂ ಕೈಗೂಡಿಸಿ, ನಡುವೆ ಕಟ್ಟಿಡಬೇಕಾದ ಗಂಟುಗಳಿವು. ಗಂಟು ಬಿಗಿಯಾಗಿದ್ದರೆ ಎಕರೆ ತೋಟದವನೂ ಕಾಂಚೀಪುರದ ಮಗ್ಗಕ್ಕೆ ಸರಕು ಕೊಡಬಲ್ಲ. ಸಡಿಲವಾದರೆ ಅವನು ಮತ್ತೆ ಜಗಲಿಯ ಮೇಲೆ, ಒಬ್ಬನೇ ಗಿರಾಕಿಯ ಎದುರಿಗೆ, ಚಿಟ್ಟೆಯ ದಿನವನ್ನು ಎಣಿಸುತ್ತ ಕುಳಿತಿರಬೇಕಾಗುತ್ತದೆ.